ನಿಯಮ ಹೊರಗಿರಲಿ, ಅದಕ್ಕೆ ಬೇಕಾದ ಮಾಹಿತಿ ಒಳಗಿಂದಲೇ ಹೋಗಲಿ

ಪ್ರಶ್ನೆ: ಚಿನ್ನದ ಮೇಲೆ ಸಾಲ ಕೊಡುವ ಹಣಕಾಸು ಸಂಸ್ಥೆಯೊಂದರ ಸಾಫ್ಟ್‌ವೇರ್ ತಂಡದಲ್ಲಿ ಕೆಲಸ ಮಾಡುತ್ತಿದ್ದೇನೆ. ಅರ್ಜಿ ಬಂದಾಗಿನಿಂದ ಹಣ ಖಾತೆಗೆ ಹೋಗುವವರೆಗಿನ ಹಂತಗಳೆಲ್ಲ ಕಮುಂಡಾ 7 ಎಂಬ, ಕೆಲಸದ ಹಂತಗಳನ್ನು ಒಂದರ ನಂತರ ಒಂದು ನಡೆಸುವ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತವೆ. ಎಷ್ಟು ಸಾಲ ಕೊಡಬಹುದು ಎಂಬ ನಿಯಮಗಳು ಅದರ ಗೇಟ್‌ವೇಗಳಲ್ಲಿ (ದಾರಿ ಕವಲೊಡೆಯುವ ಕಡೆಗಳಲ್ಲಿ), ಜಾವಾ ಕೋಡ್‌ನಲ್ಲಿ ಚೆದುರಿಹೋಗಿವೆ. ಅದೇ ನಿಯಮ ಶಾಖೆಯ ಕೌಂಟರ್ ಸಾಫ್ಟ್‌ವೇರ್‌ನಲ್ಲೂ ಮೊಬೈಲ್ ಆ್ಯಪ್‌ನಲ್ಲೂ ಬೇರೆಬೇರೆಯಾಗಿ ಇದೆ. ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನ ಬಂದಾಗ ಮೂರೂ ಕಡೆ ತಿದ್ದಿ ಸುಸ್ತಾದೆವು. ಈಗ ನಿಯಮಗಳನ್ನೆಲ್ಲ ಡ್ರೂಲ್ಸ್ ಎಂಬ ರೂಲ್ಸ್ ಎಂಜಿನ್‌ಗೆ (ನಿಯಮಗಳನ್ನು ಇಟ್ಟುಕೊಂಡು ಉತ್ತರ ಹೇಳುವ ಸಾಫ್ಟ್‌ವೇರ್‌ಗೆ) ಸಾಗಿಸುವ ಯೋಚನೆ ಇದೆ. ಕಮುಂಡಾಗೂ ಡ್ರೂಲ್ಸ್‌ಗೂ ಹೇಗೆ ಜೋಡಿಸಬೇಕು? ಡ್ರೂಲ್ಸ್ ಕೈಕೊಟ್ಟರೆ ಸಾಲದ ಅರ್ಜಿಗಳ ಗತಿ ಏನು?
– ಓದುಗರು, ಹುಬ್ಬಳ್ಳಿ

ಉತ್ತರ: ನಿಯಮ ಕಮುಂಡಾ ಒಳಗೆ ಮಾತ್ರ ಬಳಕೆಯಾಗುತ್ತಿದ್ದರೆ ಡ್ರೂಲ್ಸ್ ತರುವುದೇ ಬೇಡ ಅನ್ನುತ್ತಿದ್ದೆ. ಕಮುಂಡಾದಲ್ಲೇ ಡಿಎಂಎನ್ ಡಿಸಿಷನ್ ಟೇಬಲ್ ಇದೆ, ಅಂದರೆ ಇಂಥ ಸ್ಥಿತಿಗೆ ಇಂಥ ಉತ್ತರ ಎಂದು ಸಾಲುಸಾಲಾಗಿ ನಿಯಮ ಬರೆಯುವ ಪಟ್ಟಿ. ಪ್ರೊಸೆಸ್‌ನ (ಹಂತಗಳ ಸರಣಿಯ) ಬಿಸಿನೆಸ್ ರೂಲ್ ಟಾಸ್ಕ್ ಎಂಬ ಹಂತದಿಂದ ಅದನ್ನು ನೇರವಾಗಿ ಕರೆಯಬಹುದು, ಟೇಬಲ್‌ನ ಯಾವ ಸಾಲು ಹೊಂದಿತು ಎಂಬುದೂ ಹಿಸ್ಟರಿಯಲ್ಲಿ ಸಿಗುತ್ತದೆ. ಇನ್ನೊಂದು ಸರ್ವರ್ ಇಟ್ಟುಕೊಂಡರೆ ಅದರ ಅಪ್‌ಗ್ರೇಡ್, ಬ್ಯಾಕಪ್, ರಾತ್ರಿ ಎರಡು ಗಂಟೆಯ ಫೋನು ಎಲ್ಲವೂ ನಿಮ್ಮ ತಲೆಗೇ. ಆದರೆ ಕೌಂಟರ್, ಆ್ಯಪ್, ಪ್ರೊಸೆಸ್ ಮೂರೂ ಒಂದೇ ಪ್ರಶ್ನೆ ಕೇಳುತ್ತಿವೆ ಎಂದಿರಿ. ಹಾಗಿದ್ದರೆ ಉತ್ತರ ಒಂದೇ ಕಡೆಯಿಂದ ಬರಬೇಕು. ನಿಮ್ಮ ಯೋಚನೆ ಸರಿಯಾಗಿದೆ. ಒಂದು ಸಲಹೆ: ಡ್ರೂಲ್ಸ್‌ನಲ್ಲೂ ಈ ನಿಯಮವನ್ನು ಡಿಎಂಎನ್ ಟೇಬಲ್ ಆಗಿಯೇ ಬರೆಯಿರಿ. ಡಿಎಂಎನ್ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ, ನಾಳೆ ಎಂಜಿನ್ ಬದಲಿಸಿದರೂ ಟೇಬಲ್ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಜೋಡಣೆ ಎಂದ ಕೂಡಲೇ ಎಲ್ಲರೂ ಎಪಿಐ (ಎರಡು ಸಾಫ್ಟ್‌ವೇರ್‌ಗಳು ಮಾತಾಡುವ ರೀತಿ) ಹೇಗಿರಬೇಕು ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು, ಡ್ರೂಲ್ಸ್‌ಗೆ ಏನೇನು ಕಳಿಸುತ್ತೀರಿ ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಅಲ್ಲಿ ಎಡವಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ನಿಮ್ಮದೇ ನಿಯಮ ತೆಗೆದುಕೊಳ್ಳೋಣ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ, ಸ್ವಂತ ಖರ್ಚಿನ ಚಿನ್ನದ ಸಾಲ ಒಬ್ಬರಿಗೆ ಒಟ್ಟು 2.5 ಲಕ್ಷದವರೆಗೆ ಇದ್ದರೆ ಚಿನ್ನದ ಮೌಲ್ಯದ ಶೇ 85ರಷ್ಟು ಕೊಡಬಹುದು. 2.5 ಲಕ್ಷ ದಾಟಿ 5 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ನೋಡಲು ಮೂರೇ ಸಾಲಿನ ಟೇಬಲ್.

ಈಗ 3 ಲಕ್ಷ ಮೌಲ್ಯದ ಚಿನ್ನ ಹಿಡಿದು ಒಬ್ಬರು ಬಂದರು ಅನ್ನಿ. ಎಂಜಿನ್‌ಗೆ ಚಿನ್ನದ ಮೌಲ್ಯ ಒಂದನ್ನೇ ಕಳಿಸಿ ಎಷ್ಟು ಸಾಲ ಕೊಡಬಹುದು ಎಂದು ಕೇಳಿದರೆ ಯಾವ ಸಾಲು ಹಿಡಿಯಬೇಕು? ಶೇ 85 ಎಂದರೆ 2,55,000 ಆಗುತ್ತದೆ, ಅಷ್ಟು ಕೊಟ್ಟರೆ ಸಾಲ ಮೊದಲ ಹಂತವನ್ನೇ ದಾಟಿತು. ಎರಡನೇ ಹಂತದ ಶೇ 80 ಹಿಡಿದರೆ 2,40,000. ಸರಿಯಾದ ಉತ್ತರ ಇವೆರಡೂ ಅಲ್ಲ, 2,50,000. ಅಷ್ಟಕ್ಕೆ ಅನುಪಾತ ಶೇ 83.33 ಬರುತ್ತದೆ, ಮೊದಲ ಹಂತದ ಮಿತಿಯೊಳಗೇ ಇದೆ. ಅದಕ್ಕೆ ಒಂದು ರೂಪಾಯಿ ಸೇರಿಸಿದರೆ ಸಾಲ ಎರಡನೇ ಹಂತಕ್ಕೆ ಹೋಗಿ ಅಲ್ಲಿನ ಶೇ 80ರ ಮಿತಿ ಮೀರುತ್ತದೆ, ಅರ್ಜಿ ತಿರಸ್ಕೃತ. ಜೊತೆಗೆ ಅದೇ ಗ್ರಾಹಕರು ಹೋದ ತಿಂಗಳು ಇನ್ನೊಂದು ಶಾಖೆಯಲ್ಲಿ 1 ಲಕ್ಷ ತೆಗೆದುಕೊಂಡಿದ್ದರೆ ಲೆಕ್ಕವೇ ಬೇರೆ, ಏಕೆಂದರೆ ಹಂತ ನಿರ್ಧಾರವಾಗುವುದು ಒಬ್ಬರ ಒಟ್ಟು ಸಾಲದ ಮೇಲೆ. ಅಸಲು ಬಡ್ಡಿ ಎರಡನ್ನೂ ಅವಧಿಯ ಕೊನೆಗೆ ಒಟ್ಟಿಗೆ ತೀರಿಸುವ ಸಾಲವಾದರೆ ಕೊನೆಗೆ ಕಟ್ಟಬೇಕಾದ ಪೂರ್ತಿ ಮೊತ್ತವನ್ನು ಹಿಡಿಯಬೇಕು. ಹೀಗಾಗಿ ಕೇಳಿದ ಮೊತ್ತ, ಈಗಾಗಲೇ ಬಾಕಿ ಇರುವ ಸಾಲ, ಸಾಲದ ಉದ್ದೇಶ, ತೀರಿಸುವ ರೀತಿ, ಚಿನ್ನದ ಮೌಲ್ಯ, ಮಂಜೂರಾತಿ ದಿನಾಂಕ – ಇಷ್ಟೂ ಹೋಗಬೇಕು. ಟೇಬಲ್ ಮೂರು ಸಾಲಿನದಾದರೂ ಅದಕ್ಕೆ ಬೇಕಾದ ಮಾಹಿತಿ ಆರು.

ಈ ಆರನ್ನೂ ಕಲೆಹಾಕುವುದು ಪ್ರೊಸೆಸ್‌ನ ಕೆಲಸ, ಡ್ರೂಲ್ಸ್‌ನದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ರೂಲ್ ಒಳಗಿಂದಲೇ ಡೇಟಾಬೇಸ್ ಕರೆಯುವ, ಚಿನ್ನದ ದರ ತರಿಸುವ ಕೋಡ್ ಬಹಳ ಕಡೆ ನೋಡಿದ್ದೇನೆ. ಚಿನ್ನದ ದರಕ್ಕೂ ನಿರ್ದೇಶನದಲ್ಲಿ ನಿಯಮವಿದೆ: ಹಿಂದಿನ 30 ದಿನಗಳ ಸರಾಸರಿ ದರ, ಹಿಂದಿನ ದಿನದ ದರ, ಇವೆರಡರಲ್ಲಿ ಕಡಿಮೆಯದು. ಆ ದರವನ್ನು ಪ್ರೊಸೆಸ್‌ನ ಒಂದು ಹಂತ ತಂದು ವೇರಿಯಬಲ್ ಆಗಿ, ಅಂದರೆ ಅರ್ಜಿಯ ಜೊತೆ ಸಾಗುವ ಮಾಹಿತಿಯಾಗಿ, ಇಟ್ಟುಕೊಳ್ಳಲಿ, ಆಮೇಲೆ ಡ್ರೂಲ್ಸ್‌ಗೆ ಕಳಿಸಲಿ. ಆಗ ಆರು ತಿಂಗಳ ನಂತರ ಆಡಿಟರ್ ಬಂದು ಈ ಸಾಲಕ್ಕೆ ಈ ಮಿತಿ ಹೇಗೆ ಬಂತು ಎಂದರೆ, ಅವೇ ಮಾಹಿತಿಗಳನ್ನು ಮತ್ತೆ ಕಳಿಸಿ ಅದೇ ಉತ್ತರ ತೋರಿಸಬಹುದು. ರೂಲ್ ತಾನೇ ಹೊರಗೆ ಹೋಗಿ ದರ ತಂದಿದ್ದರೆ ಅದು ಸಾಧ್ಯವಿಲ್ಲ. ಡ್ರೂಲ್ಸ್‌ನಲ್ಲಿ ಸ್ಟೇಟ್‌ಲೆಸ್ ಸೆಷನ್ ಬಳಸಿ ಎನ್ನುವುದೂ ಇದೇ ಕಾರಣಕ್ಕೆ. ಮಾಹಿತಿ ಹೋಯಿತು, ಉತ್ತರ ಬಂತು, ಏನೂ ನೆನಪಿಟ್ಟುಕೊಳ್ಳಬೇಕಿಲ್ಲ. ನೆನಪಿಟ್ಟುಕೊಳ್ಳುವ ಸ್ಟೇಟ್‌ಫುಲ್ ಸೆಷನ್ ತೆರೆದು ಮುಚ್ಚಲು (ಡಿಸ್ಪೋಸ್ ಮಾಡಲು) ಮರೆತರೆ ಮೆಮೊರಿ ತುಂಬುತ್ತಾ ಹೋಗುತ್ತದೆ.

ಇನ್ನು ಎರಡನ್ನೂ ಜೋಡಿಸುವ ಬಗೆ. ಜಾವಾ ಡೆಲಿಗೇಟ್ (ಕಮುಂಡಾ ತಾನೇ ಓಡಿಸುವ ಜಾವಾ ಕೋಡ್) ಒಳಗೆ ಎಚ್‌ಟಿಟಿಪಿ ಕರೆ ಹಾಕುವುದು ಸುಲಭದ ದಾರಿ, ಆದರೆ ಆ ಕರೆ ಮುಗಿಯುವವರೆಗೆ ಕಮುಂಡಾದ ಡೇಟಾಬೇಸ್ ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ. ಡ್ರೂಲ್ಸ್ ನಿಧಾನವಾದರೆ ಕಮುಂಡಾದ ಥ್ರೆಡ್‌ಗಳೂ ಸಾಲುಗಟ್ಟಿ ನಿಲ್ಲುತ್ತವೆ. ಅದರ ಬದಲು ಎಕ್ಸ್‌ಟರ್ನಲ್ ಟಾಸ್ಕ್ ಬಳಸಿ. ಕಮುಂಡಾ ಕೆಲಸವನ್ನು ಒಂದು ಟಾಪಿಕ್‌ನಲ್ಲಿ (ಹೆಸರಿಟ್ಟ ಕೆಲಸದ ಪಟ್ಟಿಯಲ್ಲಿ) ಇಡುತ್ತದೆ. ನಿಮ್ಮದೊಂದು ಚಿಕ್ಕ ವರ್ಕರ್ ಪ್ರೋಗ್ರಾಂ ಅದನ್ನು ಲಾಕ್ ಮಾಡಿ ಎತ್ತಿಕೊಂಡು, ಡ್ರೂಲ್ಸ್ ಕರೆದು, ಉತ್ತರವನ್ನು ಕಮುಂಡಾಗೆ ಒಪ್ಪಿಸುತ್ತದೆ. ಲಾಕ್ ಅವಧಿ ಯಾವಾಗಲೂ ಡ್ರೂಲ್ಸ್ ಕರೆಯ ಟೈಮ್‌ಔಟ್‌ಗಿಂತ ಸಾಕಷ್ಟು ಹೆಚ್ಚಿರಲಿ. ಕರೆಗೆ 5 ಸೆಕೆಂಡ್ ಕೊಟ್ಟರೆ ಲಾಕ್‌ಗೆ 30 ಸೆಕೆಂಡ್ ಕೊಡಿ, ಇಲ್ಲವಾದರೆ ಅದೇ ಕೆಲಸವನ್ನು ಎರಡನೇ ವರ್ಕರ್ ಕೂಡ ಎತ್ತಿಕೊಳ್ಳುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಕಮುಂಡಾ 7ರ ಉಚಿತ ಆವೃತ್ತಿಯ ಕೊನೆಯ ಬಿಡುಗಡೆ 2025ರ ಅಕ್ಟೋಬರ್‌ನಲ್ಲೇ ಆಗಿಹೋಗಿದೆ. ಇವತ್ತಲ್ಲ ನಾಳೆ ನೀವು ಬೇರೆಡೆಗೆ ಹೋಗಲೇಬೇಕು. ಕಮುಂಡಾ 8ರಲ್ಲೂ ಕೆಲಸ ನಡೆಯುವುದು ಹೀಗೆ ಹೊರಗಿನ ವರ್ಕರ್‌ಗಳಿಂದಲೇ, ಹಾಗಾಗಿ ಈ ಕೋಡ್‌ನ ಬಹುಪಾಲು ಉಳಿಯುತ್ತದೆ.

ಕೈಕೊಟ್ಟರೆ ಏನು ಗತಿ ಎಂದು ಕೇಳಿದ್ದೀರಿ. ಇಲ್ಲಿ ಎರಡು ಬೇರೆ ಸಂಗತಿಗಳಿವೆ, ಬೆರೆಸಬೇಡಿ. ಸಾಲ ಕೊಡಲಾಗದು ಎಂದು ಡ್ರೂಲ್ಸ್ ಹೇಳಿದರೆ ಅದು ದೋಷವಲ್ಲ, ಉತ್ತರ. ಅದನ್ನು ವೇರಿಯಬಲ್ ಆಗಿ, ಕಾರಣದ ಸಮೇತ ಹಿಂದಿರುಗಿಸಿ, ಮುಂದಿನ ಗೇಟ್‌ವೇ ದಾರಿ ಆರಿಸಲಿ. ಡ್ರೂಲ್ಸ್ ಮಾತೇ ಆಡದಿದ್ದರೆ ಅದು ದೋಷ. ಆಗ ವರ್ಕರ್ ಫೇಲ್ಯೂರ್ ಎಂದು ತಿಳಿಸಿ, ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು, ನಡುವೆ ಎಷ್ಟು ಕಾಯಬೇಕು ಎಂದು ಹೇಳಬೇಕು. ಪ್ರಯತ್ನಗಳು ಮುಗಿದ ಮೇಲೆ ಕಮುಂಡಾ ಇನ್ಸಿಡೆಂಟ್ (ಗಮನಿಸಬೇಕಾದ ದೋಷದ ಎಚ್ಚರಿಕೆ) ಎಬ್ಬಿಸುತ್ತದೆ, ಅರ್ಜಿ ಅಲ್ಲೇ ನಿಂತಿರುತ್ತದೆ, ಕಳೆದುಹೋಗುವುದಿಲ್ಲ. ಕೌಂಟರ್ ಮುಂದೆ ಗ್ರಾಹಕರು ಕಾಯುತ್ತಿರುತ್ತಾರಲ್ಲ, ಅದಕ್ಕೆ ಹತ್ತು ನಿಮಿಷದ ಟೈಮರ್ ಇಟ್ಟು ಕೆಲಸವನ್ನು ಶಾಖಾ ವ್ಯವಸ್ಥಾಪಕರ ಪಟ್ಟಿಗೆ ಕಳಿಸಿ. ಉತ್ತರ ಬರಲಿಲ್ಲ, ಶೇ 75 ಎಂದು ಇಟ್ಟುಕೊಳ್ಳೋಣ ಎಂಬ ಒಂದು ಸಾಲನ್ನು ಮಾತ್ರ ವರ್ಕರ್‌ನಲ್ಲಿ ದಯವಿಟ್ಟು ಬರೆಯಬೇಡಿ. ನಿಯಮ ಮತ್ತೆ ಎರಡು ಕಡೆ ಸೇರಿಕೊಳ್ಳುವುದು ಅಲ್ಲಿಂದಲೇ.

ಆವೃತ್ತಿಯ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಹಿಂದೆ ನಾನಿದ್ದ ಒಂದು ತಂಡದಲ್ಲಿ ರೂಲ್ಸ್ ಎಂಜಿನ್‌ಗೆ ಯಾವಾಗಲೂ ಇತ್ತೀಚಿನ ಆವೃತ್ತಿ ಬಳಸು ಎಂದು ಹೇಳಿಟ್ಟಿದ್ದೆವು. ಒಂದು ಮಧ್ಯಾಹ್ನ ಹೊಸ ನಿಯಮ ಏರಿಸಿದೆವು. ಅವತ್ತು ಬೆಳಿಗ್ಗೆ ಒಂದು ಮಿತಿ ಹೇಳಿಸಿಕೊಂಡು ಮನೆಗೆ ಹೋಗಿ ಒಡವೆ ತಂದ ಗ್ರಾಹಕರೊಬ್ಬರಿಗೆ ಸಂಜೆ ಇನ್ನೊಂದು ಮಿತಿ ಬಂತು. ಯಾಕೆ ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರ ಇರಲಿಲ್ಲ, ಯಾವ ಆವೃತ್ತಿ ಉತ್ತರಿಸಿತು ಎಂದು ಎಲ್ಲೂ ಬರೆದಿಟ್ಟಿರಲಿಲ್ಲ. ಅಂದಿನಿಂದ ಪ್ರತಿ ಉತ್ತರದ ಜೊತೆ ಆವೃತ್ತಿ ಸಂಖ್ಯೆ ಬರಬೇಕು, ಅದು ಪ್ರೊಸೆಸ್ ವೇರಿಯಬಲ್‌ನಲ್ಲಿ ಕೂರಬೇಕು ಎಂಬುದನ್ನು ನಾನು ಬಿಟ್ಟುಕೊಟ್ಟಿಲ್ಲ.

ಜಾರಿಯ ದಿನಾಂಕಗಳು ಟೇಬಲ್ ಒಳಗೇ ಇರಲಿ, ಡಿಪ್ಲಾಯ್ ಮಾಡಿದ (ಸರ್ವರ್‌ಗೆ ಏರಿಸಿದ) ದಿನವನ್ನು ನಂಬಬೇಡಿ. ಹೊಸ ನಿರ್ದೇಶನ ಪಾಲಿಸಲು ಕೊನೆಯ ದಿನ 2026ರ ಏಪ್ರಿಲ್ 1 ಆಗಿತ್ತು. ಶುರುವಾಗುವ ದಿನ ಮಾತ್ರವಲ್ಲ, ಮುಗಿಯುವ ದಿನ ಇರುವ ನಿಯಮಗಳೂ ಬರುತ್ತವೆ: ಕೋವಿಡ್ ಸಮಯದಲ್ಲಿ, 2020ರ ಆಗಸ್ಟ್‌ನಲ್ಲಿ, ಬ್ಯಾಂಕುಗಳಿಗೆ ಈ ಮಿತಿಯನ್ನು ಶೇ 75ರಿಂದ 90ಕ್ಕೆ ಏರಿಸಿ 2021ರ ಮಾರ್ಚ್ 31ರವರೆಗೆ ಎಂದಿದ್ದರು. ಸರ್ವರ್ ಗಡಿಯಾರ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿದ್ದರೆ, ಆ್ಯಪ್‌ನಲ್ಲಿ ಏಪ್ರಿಲ್ 1ರ ಬೆಳಗಿನ ಜಾವ 4 ಗಂಟೆಗೆ ಬಂದ ಅರ್ಜಿ ಅದರ ಲೆಕ್ಕಕ್ಕೆ ಇನ್ನೂ ಮಾರ್ಚ್ 31. ದಿನಾಂಕವನ್ನು ಭಾರತದ ಸಮಯದಲ್ಲಿ ಲೆಕ್ಕ ಹಾಕಿಯೇ ಕಳಿಸಿ. ಹಣವನ್ನು ದಶಾಂಶ ನಿಖರವಾಗಿ ಉಳಿಯದ ಡಬಲ್‌ನಲ್ಲಿ ಬೇಡ, ನಿಖರವಾದ ಬಿಗ್‌ಡೆಸಿಮಲ್ ಅಥವಾ ಪೈಸೆಯ ಪೂರ್ಣಾಂಕದಲ್ಲಿ ಕಳಿಸಿ. ಒಂದು ರೂಪಾಯಿಗೆ ಹಂತ ಬದಲಾಗುವ ಟೇಬಲ್ ಇದು.

ಒಂದೇ ಸಲ ಎಲ್ಲವನ್ನೂ ಸಾಗಿಸಲು ಹೋಗಬೇಡಿ. ಈ ಒಂದು ನಿರ್ಧಾರವನ್ನು ಮಾತ್ರ ಡ್ರೂಲ್ಸ್‌ಗೆ ಹಾಕಿ, ಕೆಲವು ವಾರ ಹಳೆಯ ಕೋಡ್‌ನ ಉತ್ತರವನ್ನೇ ಬಳಸುತ್ತಾ ಡ್ರೂಲ್ಸ್‌ನ ಉತ್ತರವನ್ನು ಪಕ್ಕದಲ್ಲಿ ಬರೆದಿಡಿ. ಎರಡೂ ಬೇರೆ ಬಂದ ಅರ್ಜಿಗಳನ್ನು ಸಾಲ ವಿಭಾಗದವರ ಜೊತೆ ಕೂತು ನೋಡಿ. ಹಳೆಯ ಕೋಡೇ ತಪ್ಪಿರುವುದೂ ಉಂಟು. ಪರೀಕ್ಷೆಯ ಪಟ್ಟಿಯನ್ನು ಅವರೇ ಎಕ್ಸೆಲ್‌ನಲ್ಲಿ ಬರೆಯಲಿ: ಇಂಥ ಚಿನ್ನ, ಇಷ್ಟು ಬಾಕಿ, ಇಂಥ ದಿನ, ಇಷ್ಟು ಸಾಲ. ಮೊದಲ ಸಾಲಿಗೆ ಆ 3 ಲಕ್ಷದ ಚಿನ್ನವನ್ನೇ ಹಾಕಿಸಿ.