ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಅಂಗಡಿ

ಹೆಂಡತಿಯ ಆಸ್ಪತ್ರೆ ಕೆಲಸದ ವೀಸಾದಲ್ಲಿ ದಾವಣಗೆರೆಯಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು, ಆಗಲೇ ದಿನಸಿ ಅಂಗಡಿಯೊಂದನ್ನು ವಹಿಸಿಕೊಂಡಿದ್ದೀರಿ. ಒಳ್ಳೆಯದಾಗಲಿ. ಮನೆ ಬಾಡಿಗೆ, ಮಗುವಿನ ಶಾಲೆ, ಚಳಿಗಾಲದಲ್ಲಿ ಕಳ್ಳರ ಕಾಟ, ಅದಕ್ಕೆ ಷಟರ್ ಒಂದೇ ಸಾಕೇ ಎಂದು ಕೇಳಿದ್ದೀರಿ. ಬಾಡಿಗೆ ಬಡಾವಣೆಯ ಮೇಲೆ ಹೋಗುತ್ತದೆ. ಶಾಲೆಗೆ ನಗರಪಾಲಿಕೆಯಂಥ ಇಲ್ಲಿನ ಕೌನ್ಸಿಲ್‌ನಲ್ಲಿ ಅರ್ಜಿ ಹಾಕಿ, ತಡಮಾಡಬೇಡಿ. ಷಟರ್ ಸಾಲದು.

ನಾನು ಬಂದಿಳಿದದ್ದು ನವೆಂಬರ್‌ನಲ್ಲಿ. ಮಧ್ಯಾಹ್ನದ ಊಟ ಅರಗುವ ಮೊದಲೇ ಕತ್ತಲಾದಾಗ ದೊಡ್ಡ ಮಳೆ ಬರುತ್ತಿದೆ ಎಂದುಕೊಂಡೆ. ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಡಿಸೆಂಬರ್ ನಡುವಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿ, ಬೆಳಗ್ಗೆ ಎಂಟು ದಾಟಿದ ಮೇಲೆ ಹುಟ್ಟುತ್ತಾನೆ. ನಮ್ಮ ಮಂಡಿಪೇಟೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ವ್ಯಾಪಾರ ಏರುತ್ತದೆ. ಇಲ್ಲಿ ಅದೇ ಹೊತ್ತಿಗೆ ಬೀದಿ ಬರಿದಾಗುತ್ತದೆ. ಹಾಗಾಗಿ ಕಳ್ಳನ ಹೊತ್ತು ನಡುರಾತ್ರಿಯೇ ಆಗಬೇಕೆಂದಿಲ್ಲ.

ನನ್ನ ಅಂಗಡಿಗೆ ಹಿಂದಿನ ಬಾಡಿಗೆದಾರ ಹಾಕಿಸಿದ್ದ, ಒಂದು ತೂತೂ ಇಲ್ಲದ ತಗಡಿನ ಷಟರ್ ಇತ್ತು. ಅದನ್ನು ಎಳೆದು ಬೀಗ ಹಾಕಿದರೆ ಕೋಟೆಯ ಬಾಗಿಲು ಹಾಕಿದಷ್ಟು ನೆಮ್ಮದಿ. ಒಂದು ಭಾನುವಾರ ಸಂಜೆ ಬೇಗ ಮುಚ್ಚಿ ಹೋದೆ. ಕಳ್ಳ ಹಿಂದಿನ ಓಣಿಯಲ್ಲಿ ಕಸದ ಗಾಲಿಡಬ್ಬಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಉಗ್ರಾಣದ ಚಪ್ಪಟೆ ಮಾಡು ಹತ್ತಿ, ಕಿಟಕಿ ಮುರಿದು ಇಳಿದಿದ್ದ. ಒಳಗೆ ದೀಪ ಹಾಕಿಕೊಂಡೇ ಕೆಲಸ ಮಾಡಿದ್ದಾನೆ. ಎದುರಿಗೇ ಬಸ್ ನಿಲ್ದಾಣ, ಜನರೂ ನಿಂತಿದ್ದರು; ಅವರಿಗೆ ಕಂಡದ್ದು ತಗಡು. ಹೊರಗೆ ಹೋಗಲು ಸೋನಾ ಮಸೂರಿ ಮೂಟೆಗಳನ್ನು ಕಿಟಕಿಯ ಕೆಳಗೆ ಮೆಟ್ಟಿಲಿನಂತೆ ಪೇರಿಸಿ, ಸಿಗರೇಟು ಹೊತ್ತು ಹತ್ತಿದ್ದಾನೆ. ಮೇಲಿನ ಮೂಟೆ ಹರಿದು ಅಕ್ಕಿ ಚೆಲ್ಲಿತ್ತು, ಅದರ ಮೇಲೆ ಕೆಸರು ಬೂಟಿನ ಗುರುತು. ವಿಮೆಯವರು ಸಿಗರೇಟಿನ ದುಡ್ಡು ಕೊಟ್ಟರು, ಅದರ ಲೆಕ್ಕ ನನಗೆ ನೆನಪಿಲ್ಲ. ಅಕ್ಕಿ ತುಳಿದದ್ದು ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತದೆ. "ಪಕ್ಕದ ಅಂಗಡಿಯವರು ಕೂಗಲಿಲ್ಲವೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದರು. ಪಕ್ಕದ ಅಂಗಡಿಯವರ ಹೆಸರೇ ಆಗ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಮೊದಲು ಹಿಂಬದಿ ನೋಡಿ. ಕಸದ ಡಬ್ಬಿಗಳನ್ನು ಗೋಡೆಯಿಂದ ದೂರ ಸರಪಳಿ ಹಾಕಿ ಕಟ್ಟಿ, ಓಣಿಗೆ ಯಾರಾದರೂ ಕಾಲಿಟ್ಟರೆ ತಾನೇ ಹೊತ್ತಿಕೊಳ್ಳುವ ದೀಪ ಹಾಕಿಸಿ, ಉಗ್ರಾಣದ ಕಿಟಕಿಗೆ ಒಳಗಿನಿಂದ ಕಬ್ಬಿಣದ ಸರಳು ಕೂರಿಸಿ. ಹಿಂಬಾಗಿಲಿಗೆ ಎಂಥ ಬೀಗ ಇರಬೇಕೆಂದು ವಿಮೆಯ ಕಾಗದದಲ್ಲಿಯೇ ಬರೆದಿರುತ್ತದೆ. ಸಾಮಾನ್ಯವಾಗಿ ಬಿಎಸ್ 3621 ಎಂಬ ಬ್ರಿಟಿಷ್ ಗುಣಮಟ್ಟದ ಗುರುತಿನದು ಕೇಳುತ್ತಾರೆ. ಆದರೆ ಜನ ಒಳಗಿರುವಾಗ ಬೆಂಕಿ ಬಿದ್ದರೆ ಹೊರಗೋಡುವ ದಾರಿಯ ಬಾಗಿಲಿಗೆ ಬೀಗ ಜಡಿಯಬೇಡಿ, ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು. ಮುಂದಿನ ಷಟರ್ ಒಳಗೆಲ್ಲ ಕಾಣುವ ಜಾಲರಿಯದಾಗಿರಲಿ, ರಾತ್ರಿ ಒಳಗೊಂದು ದೀಪ ಉರಿಯುತ್ತಿರಲಿ. ಹೊರಗೆ ಹೊಸ ಷಟರ್ ಕೂರಿಸಲು ಸಾಮಾನ್ಯವಾಗಿ ಕೌನ್ಸಿಲ್ ಅನುಮತಿ ಬೇಕು, ಕಟ್ಟಡದ ಮಾಲೀಕರ ಒಪ್ಪಿಗೆಯೂ ಬರಹದಲ್ಲಿರಲಿ.

ಅಲಾರಂ ಕೂಗಿದ ಮಾತ್ರಕ್ಕೆ ಪೊಲೀಸರು ಓಡಿಬರುತ್ತಾರೆಂದು ನಂಬಬೇಡಿ. ಮಾನ್ಯತೆ ಪಡೆದ ಕಂಪನಿಯ ಮೂಲಕ ಪೊಲೀಸರಲ್ಲಿ ನೋಂದಾಯಿಸಿ ಅದಕ್ಕೊಂದು ಸಂಖ್ಯೆ ಪಡೆಯಬೇಕು. ಕಳ್ಳ ಒಳಗಿದ್ದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಬೆಳಗ್ಗೆ ನೋಡಿ ಗೊತ್ತಾದರೆ ಪೊಲೀಸರ ತುರ್ತಲ್ಲದ ಸಂಖ್ಯೆ 101. ಪೊಲೀಸರು ಕೊಡುವ ಅಪರಾಧದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ವಿಮೆಯವರು ಮೊದಲು ಕೇಳುವುದೇ ಅದು. ಕ್ಯಾಮೆರಾ ಹಾಕಿದರೆ ಫಲಕ ಹಾಕಬೇಕು, ಜನರ ಖಾಸಗಿ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿಗೆ ವರ್ಷವರ್ಷ ಶುಲ್ಕವೂ ಇದೆ.

ಗಲ್ಲಾಪೆಟ್ಟಿಗೆಯನ್ನು ರಾತ್ರಿ ಖಾಲಿ ಮಾಡಿ, ತೆರೆದೇ ಬಿಟ್ಟು ಹೋಗಿ. ಮುಚ್ಚಿದ್ದರೆ ಅದನ್ನೂ ಒಡೆಯುತ್ತಾರೆ. ಕ್ರಿಸ್‌ಮಸ್ ದಿನವೂ ಮರುದಿನವೂ ಬ್ಯಾಂಕ್ ಇರುವುದಿಲ್ಲ, ಅದಕ್ಕೆ ಮುಂಚೆಯೇ ಹಣ ಕಟ್ಟಿಬಿಡಿ. ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹಣ ಒಯ್ಯಬೇಡಿ.

ಇನ್ನು ದೀಪಾವಳಿ. ಬೆಲ್‌ಗ್ರೇವ್ ರಸ್ತೆಯ ದೀಪಗಳನ್ನು ನೋಡಿದರೆ ಊರಿನ ನೆನಪು ಒತ್ತರಿಸಿ ಬರುತ್ತದೆ. ಆದರೆ ಹಬ್ಬದ ವಾರದಲ್ಲಿ ನಮ್ಮವರ ಮನೆಯಲ್ಲಿ ಚಿನ್ನವಿರುತ್ತದೆ ಎಂಬುದು ಕಳ್ಳರಿಗೂ ಗೊತ್ತು, ಪೊಲೀಸರೂ ಈ ಬಗ್ಗೆ ಎಚ್ಚರಿಸುತ್ತಾರೆ. ಅಂಗಡಿಯಲ್ಲಿ ಲಕ್ಷ್ಮೀಪೂಜೆ ಖಂಡಿತ ಮಾಡಿ. ನಮ್ಮಲ್ಲಿ ಲಕ್ಷ್ಮಿ ಬರಲೆಂದು ಬಾಗಿಲು ಹಾರುಹೊಡೆದು, ನೋಟಿನ ಕಟ್ಟುಗಳನ್ನು ತಟ್ಟೆಯಲ್ಲಿಡುತ್ತೇವೆ. ನಾವಿಲ್ಲಿ ಬಾಗಿಲಿಗೆ ಚಿಲಕ ಹಾಕಿಕೊಂಡು ಪೂಜೆ ಮಾಡುತ್ತೇವೆ, ತಟ್ಟೆಯಲ್ಲಿ ಒಂದೇ ಒಂದು ನೋಟು. ನನ್ನಾಕೆಗೆ ಅದು ಈಗಲೂ ಸರಿಬಂದಿಲ್ಲ. ಲಕ್ಷ್ಮಿ ಕಿಟಕಿಯಿಂದ ಬರಬೇಕೇನು ಎಂದು ಪ್ರತಿ ವರ್ಷ ಗೊಣಗುತ್ತಾಳೆ. ಪೂಜೆಯ ಫೋಟೊವನ್ನು ಅವತ್ತೇ ಎಲ್ಲರಿಗೂ ಹಂಚಬೇಡಿ.

ಪಕ್ಕದ ಕ್ಷೌರದ ಅಂಗಡಿಯವರಿಗೂ ಎದುರಿನವರಿಗೂ ನಾಳೆಯೇ ಒಂದೊಂದು ಡಬ್ಬಿ ಸಿಹಿ ಕೊಟ್ಟು, ನಿಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಬನ್ನಿ. ಗಡಿಯಾರ ಬದಲಾಗುವ ಮುಂಚೆ ನಾನೂ ಒಮ್ಮೆ ಬಂದು ನಿಮ್ಮ ಹಿಂದಿನ ಓಣಿ ನೋಡುತ್ತೇನೆ. ರಾತ್ರಿ ಏಳರ ಮೇಲೆ ಬರುತ್ತೇನೆ, ಹಗಲಿನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ.