ನಂಬರ್ ಹೇಳಿದ ಮೇಲೆ ಸುಮ್ಮನಿರುವುದು

ಕೆಲಸದ ಆಫರ್ ಬಂದಾಗ ಇನ್ನಷ್ಟು ಕೇಳಲು ಹೆದರಿ, ನನ್ನ ಬಳಿ ಸಲಹೆಗೆ ಬಂದ ಒಬ್ಬ ಮಹಿಳೆಯ ಕಥೆ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಒಂಬತ್ತು ವರ್ಷದ ಅನುಭವ, ಅದರಲ್ಲಿ ಆರು ವರ್ಷ ಪ್ರಾಡಕ್ಟ್ ಮ್ಯಾನೇಜರ್ (ತಂಡ ಏನು ತಯಾರಿಸಬೇಕು ಅಂತ ನಿರ್ಧರಿಸುವವರು) ಆಗಿ. ದೊಡ್ಡ ಟೆಕ್ ಕಂಪನಿಯೊಂದರಿಂದ ಆಫರ್ ಬಂದಿತ್ತು. ಮನೆಯವರೆಲ್ಲ ಖುಷಿಯಾಗಿದ್ದರು. ಆಕೆ ಮಾತ್ರ ರಾತ್ರಿ ಮೂರು ಗಂಟೆಗೆ ಎದ್ದು ಆ ಇಮೇಲ್ ತೆರೆಯುವುದು, ಓದುವುದು, ಮುಚ್ಚುವುದು, ಹೀಗೇ ಒಂದು ವಾರ ಕಳೆದಿದ್ದರು.

ಆಗಿದ್ದು ಇಷ್ಟು. ಮೊದಲ ಕರೆಯಲ್ಲೇ ರಿಕ್ರೂಟರ್, ಅಂದರೆ ಕಂಪನಿಗೆ ಜನರನ್ನು ಹುಡುಕಿ ಸೇರಿಸುವವರು, "ಈಗ ಎಷ್ಟು ಸಂಬಳ?" ಅಂತ ಕೇಳಿದ್ದರು. ಆಕೆ ಪೈಸೆ ಸಮೇತ ಹೇಳಿಬಿಟ್ಟಿದ್ದರು. ಐದು ಸುತ್ತಿನ ಸಂದರ್ಶನ ಚೆನ್ನಾಗಿಯೇ ಆಯಿತು. ಕೊನೆಗೆ ಬಂದ ಮೊತ್ತ ಈಗಿನ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ, ಲೆವೆಲ್ (ಕಂಪನಿಯೊಳಗಿನ ಹುದ್ದೆಯ ಶ್ರೇಣಿ) ಮಾತ್ರ ಮೊದಲು ಹೇಳಿದ್ದಕ್ಕಿಂತ ಒಂದು ಕಡಿಮೆ. "ಕೇಳಿದರೆ ಆಫರ್ ವಾಪಸ್ ತಗೊಂಡುಬಿಟ್ಟರೆ?" ಅದೊಂದೇ ಪ್ರಶ್ನೆ, ನಾಲ್ಕು ಸಲ.

ನಾನು ಬೇರೆ ಪ್ರಶ್ನೆ ಕೇಳಿದೆ. "ಎಂಜಿನಿಯರ್‌ಗಳು ಒಂದು ಫೀಚರ್‌ಗೆ ಆರು ವಾರ ಬೇಕು ಅಂದರೆ ಏನು ಮಾಡುತ್ತೀರಿ?"

"ಯಾಕೆ ಆರು ಅಂತ ಕೇಳುತ್ತೇನೆ. ಏನು ಬಿಟ್ಟರೆ ನಾಲ್ಕಕ್ಕೆ ಆಗುತ್ತೆ ಅಂತ ಕೇಳುತ್ತೇನೆ."

"ಆಗ ಕೈ ನಡುಗುತ್ತಾ?"

"ಇಲ್ಲ. ಅದು ನನಗೋಸ್ಕರ ಅಲ್ವಲ್ಲ."

ಹೇಳಿದ ಮೇಲೆ ಆಕೆಯೇ ಒಂದು ಕ್ಷಣ ಸುಮ್ಮನಾದರು. ಕೊಟ್ಟಷ್ಟು ತಗೊಂಡು ತೆಪ್ಪಗಿರಬೇಕು, ಬಾಯಿಬಿಟ್ಟು ಕೇಳುವವರು ದುರಾಸೆಯವರು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರು. ಈ ಭಯ ಬರೀ ಕಲ್ಪನೆ ಅಂತ ನಾನು ಹೇಳಲಿಲ್ಲ, ಯಾಕೆಂದರೆ ಅದು ಸುಳ್ಳಾಗುತ್ತಿತ್ತು. ಹನ್ನಾ ರೈಲಿ ಬೌಲ್ಸ್, ಲಿಂಡಾ ಬ್ಯಾಬ್ಕಾಕ್ ಮತ್ತು ಲೇ ಲೈ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಚ್ಚು ಸಂಬಳ ಕೇಳಿದ ಹೆಣ್ಣುಮಕ್ಕಳ ಬಗ್ಗೆ ಜನ ಗಂಡಸರಿಗಿಂತ ಕಠಿಣವಾಗಿ ತೀರ್ಪು ಕೊಟ್ಟಿದ್ದು ಕಂಡುಬಂದಿತ್ತು. ಅದು ಅನ್ಯಾಯ. ಆದರೆ ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರೆ ನಷ್ಟ ಪೂರ್ತಿ ಆಕೆಯದೇ. ವಾರಗಟ್ಟಲೆ ಸಮಯ ಕೊಟ್ಟು ಒಬ್ಬರನ್ನು ಆರಿಸಿದ ಕಂಪನಿ, ಸಭ್ಯವಾಗಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಆಫರ್ ಹಿಂತೆಗೆಯುವುದು ಬಹಳ ಅಪರೂಪ.

ಮೊದಲ ಸಲಹೆ: ಹಣಕ್ಕಿಂತ ಮುಂಚೆ ಲೆವೆಲ್ ಮಾತಾಡಿ. ಇಂಥ ಕಂಪನಿಗಳಲ್ಲಿ ಪ್ರತಿ ಲೆವೆಲ್‌ಗೂ ಸಂಬಳಕ್ಕೆ ಒಂದು ಮೇಲಿನ ಗೆರೆ, ಒಂದು ಕೆಳಗಿನ ಗೆರೆ ಇರುತ್ತದೆ. ರಿಕ್ರೂಟರ್ ಎಷ್ಟೇ ಒಳ್ಳೆಯವರಾದರೂ ಆ ಗೆರೆಗಳ ನಡುವೆಯೇ ಓಡಾಡಬೇಕು. ಲೆವೆಲ್ ಒಂದು ಕೆಳಗಾದರೆ ಸಿಗುವ ಕೆಲಸ, ಮುಂದಿನ ಬಡ್ತಿ, ಸಂಬಳದ ಜೊತೆ ಪ್ರತಿ ವರ್ಷ ಸಿಗುವ ಕಂಪನಿಯ ಹೊಸ ಶೇರು ಎಲ್ಲಕ್ಕೂ ಪೆಟ್ಟು. ಆದರೆ ಲೆವೆಲ್ ಬದಲಾಗಬೇಕಾದರೆ "ನನಗೆ ಅನುಭವ ಇದೆ" ಅಂದರೆ ಸಾಲದು, ಎಷ್ಟು ದೊಡ್ಡ ನಿರ್ಧಾರ ಒಬ್ಬರೇ ಹೊತ್ತಿದ್ದೀರಿ ಅಂತ ತೋರಿಸಬೇಕು.

ಒಂದು ಪುಟ ಬರೆದುಕೊಂಡು ಬನ್ನಿ ಅಂದೆ. ಬರೆದು ತಂದರು. ನಾನು ಪೆನ್ಸಿಲ್ ತೆಗೆದುಕೊಂಡು ಒಂದೇ ಪದಕ್ಕೆ ಸುತ್ತು ಹಾಕುತ್ತಾ ಹೋದೆ. ಹನ್ನೊಂದು ಸಲ "ನಾವು". ನಾವು ಲಾಂಚ್ ಮಾಡಿದೆವು, ನಾವು ಕಂಡುಕೊಂಡೆವು, ನಾವು ನಿಲ್ಲಿಸಿದೆವು. "ನಿಲ್ಲಿಸಿದ್ದು ಯಾರು?" ಅಂತ ಕೇಳಿದೆ. ಎರಡು ತಂಡಗಳು ಒಂದು ವರ್ಷ ಕೆಲಸ ಮಾಡಿದ್ದ ಒಂದು ಯೋಜನೆ, ಅದು ಗ್ರಾಹಕರಿಗೆ ಬೇಕಿಲ್ಲ ಅಂತ ಡೇಟಾ ಇಟ್ಟುಕೊಂಡು ಹಿರಿಯರ ಎದುರು ನಿಂತು ನಿಲ್ಲಿಸಿದ್ದು ಈಕೆಯೇ. ಹಾಗಾದರೆ ಹಾಗೇ ಬರೆಯಿರಿ ಅಂದೆ. "ನಾನು" ಅಂತ ಬರೆಯಲು ಆಕೆಗೆ ಅರ್ಧ ಗಂಟೆ ಹಿಡಿಯಿತು.

ಎರಡನೆಯದು, ಆಫರನ್ನು ಬಿಡಿಬಿಡಿಯಾಗಿ ನೋಡುವುದು. ಮೂಲ ಸಂಬಳ, ಬೋನಸ್, ಶೇರು, ಸೇರುವಾಗ ಕೊಡುವ ಮೊತ್ತ. ಇವುಗಳಲ್ಲಿ ಸಾಮಾನ್ಯವಾಗಿ ಸುಲಭಕ್ಕೆ ಜಗ್ಗದಿರುವುದು ಮೂಲ ಸಂಬಳವೇ. ಅಮೆಜಾನ್ 2022ರವರೆಗೆ ಅಮೆರಿಕದಲ್ಲಿ ಕಚೇರಿ ಉದ್ಯೋಗಿಗಳ ಮೂಲ ಸಂಬಳಕ್ಕೆ 1,60,000 ಡಾಲರ್ ಮಿತಿ ಇಟ್ಟಿತ್ತು, ಆಮೇಲೆ ಅದನ್ನು 3,50,000ಕ್ಕೆ ಏರಿಸಿತು. ಅಂಥ ಮಿತಿ ಇರುವ ಕಡೆ ಮೂಲ ಸಂಬಳಕ್ಕೇ ಜಗ್ಗಾಡಿದರೆ ಸುಮ್ನೆ ಸುಸ್ತು. ಶೇರು ಎಷ್ಟು ಅನ್ನುವುದರ ಜೊತೆಗೆ ಯಾವಾಗ ಕೈಗೆ ಬರುತ್ತದೆ ಅಂತಲೂ ಕೇಳಬೇಕು. ಅದೇ ಅಮೆಜಾನ್‌ನಲ್ಲಿ ಹೊಸಬರಿಗೆ ನಾಲ್ಕು ವರ್ಷಕ್ಕೆ ಶೇ. 5, 15, 40, 40ರಂತೆ ಶೇರು ಕೊಡುವ ಕ್ರಮ ಹೆಸರುವಾಸಿ, ಮೊದಲ ಎರಡು ವರ್ಷದ ಕೊರತೆ ತುಂಬಲು ನಗದು ಕೊಡುತ್ತಾರೆ. ಒಟ್ಟು ಮೊತ್ತ ಒಂದೇ ಇದ್ದರೂ ಎರಡು ವರ್ಷಕ್ಕೇ ಬಿಡುವವರಿಗೂ ನಾಲ್ಕು ವರ್ಷ ಇರುವವರಿಗೂ ಕೈಗೆ ಸಿಗುವುದು ಬೇರೆ ಬೇರೆ ಆಗಿಬಿಡುತ್ತದೆ.

ಲೆಕ್ಕ ಹಾಕುವಾಗ ಇನ್ನೊಂದು ವಿಷಯ ಹೊರಬಂತು. ಈಗಿನ ಕಂಪನಿಯಲ್ಲಿ ಇನ್ನು ಎರಡು ತಿಂಗಳಿಗೆ ವರ್ಷದ ಬೋನಸ್ ಬರಬೇಕಿತ್ತು, ಒಂದಿಷ್ಟು ಶೇರು ಕೂಡ. ಅದನ್ನು ಬಿಟ್ಟು ಹೋಗುವುದು ಆಕೆಗೆ ನಷ್ಟ ಅಂತ ಅನ್ನಿಸಿಯೇ ಇರಲಿಲ್ಲ. ಕೇಳಲು ಇದಕ್ಕಿಂತ ನ್ಯಾಯವಾದ ಕಾರಣ ಬೇಕಾ?

ಸ್ನೇಹಿತರೊಬ್ಬರು "ಇನ್ನೊಂದು ಆಫರ್ ಇದೆ ಅಂತ ಹೇಳಿಬಿಡು" ಅಂದಿದ್ದರಂತೆ. ಖಂಡಿತ ಬೇಡ ಅಂದೆ. ಪತ್ರ ತೋರಿಸಿ ಅಂತ ಕೇಳಬಹುದು. ಅದಕ್ಕಿಂತ ಮುಖ್ಯವಾಗಿ, ಮೊದಲೇ ನಿದ್ದೆಗೆಟ್ಟವರು ಸುಳ್ಳು ಹೊತ್ತುಕೊಂಡು ಹೊಸ ಕೆಲಸಕ್ಕೆ ಹೋಗಬಾರದು.

ಹಳೆಯ ಸಂಬಳ ಹೇಳಿದ್ದಾಗಿತ್ತು, ಅದನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ. ಒಂದು ಸಲ ಕಿವಿಗೆ ಬಿದ್ದ ಅಂಕಿ ಮುಂದಿನ ಎಲ್ಲ ಅಂಕಿಗಳನ್ನೂ ತನ್ನ ಕಡೆಗೆ ಎಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಕಂಪನಿಗಳು ಹಿಂದಿನ ಸಂಬಳ ಕೇಳುವಂತೆಯೇ ಇಲ್ಲ. ಅಂಥ ಕಾನೂನು ಇಲ್ಲದ ಕಡೆಯೂ "ಈ ಲೆವೆಲ್‌ಗೆ ಎಷ್ಟರಿಂದ ಎಷ್ಟರವರೆಗೆ ಕೊಡುತ್ತೀರಿ?" ಅಂತ ನಾವೇ ತಿರುಗಿ ಕೇಳಬಹುದು.

ಆಮೇಲೆ ಮಾತಿನ ಅಭ್ಯಾಸ. ರಿಕ್ರೂಟರ್ ಪಾತ್ರ ನನ್ನದು. ಆಕೆ ಹೇಳಬೇಕಾದದ್ದು ಇಷ್ಟೇ: "ಈ ಕೆಲಸ ನನಗೆ ತುಂಬಾ ಇಷ್ಟ. ಲೆವೆಲ್ ಬಗ್ಗೆ ಇನ್ನೊಮ್ಮೆ ನೋಡಬಹುದಾ? ಕಾರಣ ಒಂದು ಪುಟದಲ್ಲಿ ಕಳಿಸಿದ್ದೇನೆ. ಲೆವೆಲ್ ಇದೇ ಆದರೆ, ಶೇರು ಇಷ್ಟಾಗಿ, ಬಿಟ್ಟು ಬರುವ ಬೋನಸ್ ಸರಿದೂಗಿದರೆ ಇವತ್ತೇ ಸಹಿ ಹಾಕುತ್ತೇನೆ." ಹೇಳುತ್ತಿದ್ದರು. ಹೇಳಿ ಮುಗಿಸಿದ ತಕ್ಷಣ "ಆಗದಿದ್ದರೂ ಪರವಾಗಿಲ್ಲ" ಅಂತ ಸೇರಿಸುತ್ತಿದ್ದರು. ಏಳು ಸಲ ಹೀಗೇ ಆಯಿತು. ಎಂಟನೇ ಸಲ ಪೆನ್ಸಿಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಸುಮ್ಮನಾದರು. ನಾನು ಬೇಕೆಂದೇ ಇಪ್ಪತ್ತು ಸೆಕೆಂಡ್ ಮಾತಾಡಲಿಲ್ಲ. ಕಣ್ಣಲ್ಲಿ ನೀರು ಬಂತು. "ಈ ಮೌನ ಬೈದ ಹಾಗೆ ಇರುತ್ತೆ" ಅಂದರು. ಆ ಕಡೆಯವರು ನಿಮ್ಮನ್ನು ಬೈಯುತ್ತಿಲ್ಲ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಿರುತ್ತಾರೆ ಅಂದೆ.

ನಿಜವಾದ ಕರೆ ಹನ್ನೆರಡು ನಿಮಿಷ ನಡೆಯಿತು. ಉತ್ತರ ಬರಲು ನಾಲ್ಕು ದಿನ. ಹೈರಿಂಗ್ ಮ್ಯಾನೇಜರ್ (ತಮ್ಮ ತಂಡಕ್ಕೆ ಜನರನ್ನು ಆರಿಸುವವರು) ಇನ್ನೊಮ್ಮೆ ಮಾತಾಡಿದರು, ಆ ಪುಟ ಓದಿದ್ದರು, ಆದರೂ ಲೆವೆಲ್ ಬದಲಾಗಲಿಲ್ಲ. ಶೇರು ಸುಮಾರು ಐದನೇ ಒಂದು ಭಾಗ ಹೆಚ್ಚಾಯಿತು. ಬೋನಸ್‌ನ ನಷ್ಟವನ್ನು ಸೇರುವಾಗ ಕೊಡುವ ಮೊತ್ತದಲ್ಲಿ ತುಂಬಿಕೊಟ್ಟರು. "ವರ್ಷದೊಳಗೆ ಲೆವೆಲ್ ನೋಡೋಣ" ಅಂತ ಬಾಯಿಮಾತಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಪತ್ರದಲ್ಲಿ ಇರುವುದಷ್ಟೇ ನಿಮ್ಮದು ಅಂದೆ.

ಈಗ ಬೆಳಗಿನ ಐದರವರೆಗೆ ನಿದ್ದೆ ಬರುತ್ತಿದೆ. ಲೆವೆಲ್‌ನ ಬೇಸರ ಪೂರ್ತಿ ಹೋಗಿಲ್ಲ, ಅದು ಹೋಗಬೇಕು ಅಂತಲೂ ನಾನು ಒತ್ತಾಯಿಸುತ್ತಿಲ್ಲ. ಹೊಸ ಕೆಲಸದಲ್ಲಿ ಪ್ರತಿ ಶುಕ್ರವಾರ, ಆ ವಾರ ತಾವೊಬ್ಬರೇ ತೆಗೆದುಕೊಂಡ ನಿರ್ಧಾರಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಾರೆ. ಮೊನ್ನೆ ಅದನ್ನು ತಂದು ನನ್ನ ಮುಂದಿಟ್ಟರು, ಪೆನ್ಸಿಲ್ ಸಮೇತ.