ಸಮಪಾಲು ಅಂದಮಾತ್ರಕ್ಕೆ ಸಹಿ ಬೇಡ

ಪ್ರಶ್ನೆ: ನಾನು ಕುಮಟಾದವಳು. ಪಿಎಚ್‌ಡಿ ಮಾಡುತ್ತಿದ್ದೇನೆ. ಮಳೆ ಹಿಡಿದ ಮೇಲೂ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯನ್ನು ಬಣ್ಣಗೆಡದಂತೆ ಒಣಗಿಸುವ ಡ್ರೈಯರ್ ನನ್ನ ವಿಷಯ. ಈಗ ಒಂದು ಜ್ಯೂಸ್ ಕಂಪನಿ ಹಣ ಕೊಡಲು ಮುಂದೆ ಬಂದಿದೆ. ಪೇಟೆಂಟ್ ಸಿಕ್ಕರೆ ವಿಶ್ವವಿದ್ಯಾಲಯಕ್ಕೂ ಕಂಪನಿಗೂ ಸಮಪಾಲು ಎಂದು ಒಪ್ಪಂದದಲ್ಲಿದೆ. ಇದು ನ್ಯಾಯವೇ ಅಲ್ವಾ? ಮುಂದಿನ ತಿಂಗಳು ಸೆಮಿನಾರಿನಲ್ಲಿ ಈ ಡ್ರೈಯರ್ ಬಗ್ಗೆಯೇ ಹೇಳುವವಳಿದ್ದೇನೆ.

ಉತ್ತರ: ಕೇಳಲಿಕ್ಕೆ ನ್ಯಾಯವೇ. ಆದರೆ ನಮ್ಮ ಶಿರಸಿ ಕಡೆಯ ಅಣ್ಣ-ತಮ್ಮಂದಿರ ಜಂಟಿ ಅಡಿಕೆ ತೋಟದ ಹಾಗೆ ಇದು ಎಂದುಕೊಳ್ಳಬೇಡಿ. ತೋಟದಲ್ಲಿ ಅಣ್ಣ ಅಡಿಕೆ ಗೊನೆ ಕೊಯ್ದು ಮಾರಿದರೆ ತಮ್ಮ ಲೆಕ್ಕ ಕೇಳಬಹುದು. ಪೇಟೆಂಟಿನಲ್ಲಿ ಹಾಗಿಲ್ಲ. 1970ರ ಪೇಟೆಂಟ್ ಕಾಯ್ದೆಯ 50ನೇ ಕಲಂ ನೋಡಿ. ಬೇರೆ ಕರಾರು ಇಲ್ಲದಿದ್ದರೆ, ಪಾಲುದಾರರಲ್ಲಿ ಯಾರು ಬೇಕಾದರೂ ತಾವೇ ತಯಾರಿಸಿ ಮಾರಬಹುದು. ಇನ್ನೊಬ್ಬರಿಗೆ ಲೆಕ್ಕ ಕೊಡಬೇಕಿಲ್ಲ. ಆದರೆ ಮೂರನೆಯವರಿಗೆ ಲೈಸೆನ್ಸ್ ಕೊಡಲು ಇನ್ನೊಬ್ಬರ ಒಪ್ಪಿಗೆ ಬೇಕು. ಕಂಪನಿಗೆ ಕಾರ್ಖಾನೆ ಇದೆ, ವಿಶ್ವವಿದ್ಯಾಲಯಕ್ಕೆ ಇಲ್ಲ. ಹಾಗಾದರೆ ದುಡ್ಡು ಯಾರಿಗೆ?

ಒಮ್ಮೆ ನಾನೇ ಒಬ್ಬ ಪ್ರಾಧ್ಯಾಪಕರಿಗೆ "ಸಮಪಾಲು ಇದೆಯಲ್ಲ, ಸಹಿ ಹಾಕಿ" ಎಂದಿದ್ದೆ. ಕಂಪನಿ ವರ್ಷಗಟ್ಟಲೆ ಯಂತ್ರ ಮಾರಿತು. ಅವರ ಕಾಲೇಜಿಗೆ ಒಂದು ಪೈಸೆ ಬರಲಿಲ್ಲ. ಕೇಳಲು ಹೋದರೆ ಕಂಪನಿಯವರು ಇದೇ ಕಲಂ ತೋರಿಸಿದರು. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನ್ನ ಕೇಳಿದರೆ ಪೇಟೆಂಟ್ ವಿಶ್ವವಿದ್ಯಾಲಯದ ಹೆಸರಿನಲ್ಲೇ ಇರಲಿ. ಕಂಪನಿಗೆ ಮುರುಗಲಿನ ಮಟ್ಟಿಗೆ ಲೈಸೆನ್ಸ್ ಕೊಡಲಿ, ರಾಯಧನ ಬರಲಿ. ನಾಳೆ ಅದೇ ಡ್ರೈಯರಿನಲ್ಲಿ ಮುರುಗಲಿನ ಜಾತಿಯದೇ ಆದ ಉಪ್ಪಾಗೆ ಹಣ್ಣನ್ನು ಒಣಗಿಸುತ್ತೇವೆ ಎಂದು ಒಂದು ಮಹಿಳಾ ಸಂಘ ಬಂದರೆ ಅವರಿಗೂ ಕೊಡುವ ದಾರಿ ತೆರೆದಿರುತ್ತದೆ. ಕಂಪನಿ ಮೂರು ವರ್ಷ ಸುಮ್ನೆ ಇಟ್ಟುಕೊಂಡರೆ ಹಕ್ಕು ವಾಪಸ್ ಎಂದೂ ಬರೆಸಿ. ಜಂಟಿಯೇ ಆಗಬೇಕೆಂದು ಅವರು ಹಟ ಹಿಡಿದರೆ, ಮಾರಾಟದಲ್ಲಿ ವಿಶ್ವವಿದ್ಯಾಲಯಕ್ಕೆ ಎಷ್ಟು ಎಂಬುದು ಒಪ್ಪಂದದಲ್ಲೇ ಬರಬೇಕು.

ಅವರ ಹಣ ಬರುವ ಮೊದಲೇ ನೀವು ಮಾಡಿದ್ದೇನು? ತಾರೀಕು ಸಮೇತ ಪಟ್ಟಿ ಮಾಡಿ, ಒಪ್ಪಂದಕ್ಕೆ ಲಗತ್ತಿಸಿ. ಪೇಟೆಂಟ್ ಅರ್ಜಿಯಲ್ಲಿ ಸಂಶೋಧಕರ ಜಾಗದಲ್ಲಿ ನಿಮ್ಮ ಹೆಸರು ಇರಲೇಬೇಕು. ಹಣ ಕೊಟ್ಟ ಮಾತ್ರಕ್ಕೆ ಯಾರೂ ಸಂಶೋಧಕರಾಗುವುದಿಲ್ಲ.

ಸೆಮಿನಾರ್ ವಿಷಯ. ಪೇಟೆಂಟಿಗೆ ಅರ್ಜಿ ಹಾಕದೆ ಬಾಯಿ ಬಿಡಬೇಡಿ, ಪೇಟೆಂಟಿಗೆ ಬೇಕಾದ ಹೊಸತನವೇ ಹೋದೀತು. ಮೊದಲು ತಾತ್ಕಾಲಿಕ ವಿವರಣೆಯ ಅರ್ಜಿ ಹಾಕಿಸಿ. ಪೂರ್ಣ ವಿವರಕ್ಕೆ ಆಮೇಲೆ 12 ತಿಂಗಳು ಸಮಯವಿದೆ. ಒಂದು ತಿಂಗಳು ಕೈಯಲ್ಲಿದೆ, ನಾಳೆಯೇ ನಿಮ್ಮ ಗೈಡ್ ಹತ್ತಿರ ಮಾತಾಡಿ. ತಿದ್ದಿದ ಒಪ್ಪಂದ ಬಂದಾಗ ನನಗೂ ಒಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.